ಕೊನೆಯ ಸಾಲಿನ ಸಂಗೀತ

ಇವತ್ತು ಬೆಳಿಗ್ಗೆ ಪೇಪರಿನ ನಡುವಿನಿಂದ ಬಣ್ಣದ ಕರಪತ್ರವೊಂದು ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ನಮ್ಮ ಹೊನ್ನಾಳಿಯ ಹೊಳೆದಂಡೆಯಲ್ಲಿ ಈ ಬೇಸಿಗೆಯೂ ಎರಡು ದಿನದ ಬಯಲು ಜಾಝ್ ಉತ್ಸವವಂತೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರು, ಅವರೆಲ್ಲರ ಕೈಮುಗಿದ ಫೋಟೊಗಳು. ಎಲ್ಲ ಮುಗಿದ ಮೇಲೆ ಕಾಗದದ ಅಂಚಿನಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ: ‘ಹಾಗೂ ಕಲಾವಿದರಿಂದ ಸಂಗೀತ’. ನೀವೇ ಹೇಳಿ, ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರನ್ನೇ ಬಿಡುವವರುಂಟೇ? ಕಾಫಿ ಆರಿತು, ನನ್ನ ತಲೆ ಕಾಯಿತು.

ಹೋದ ಬೇಸಿಗೆಯಲ್ಲಿ ಜಗಳೂರಿನ ಗೌರಮ್ಮ ಚಿಕ್ಕಮ್ಮ, ನನ್ನ ತಾಯಿಯ ತಂಗಿ, ಈ ಉತ್ಸವಕ್ಕೆಂದೇ ಎರಡು ಬಸ್ಸು ಬದಲಿಸಿ ಬಂದಿದ್ದರು. ಹೊಲಿಗೆ ಮೆಷಿನ್ನಿನ ಮುಂದೆ ಕೂತು ರೇಡಿಯೊ ತಿರುಗಿಸುತ್ತ ಅಕಸ್ಮಾತ್ತಾಗಿ ಜಾಝ್ ಕೇಳಿ ಮರುಳಾದವರು. ಇಂಗ್ಲಿಷಿನ ಗಂಧವಿಲ್ಲ.

“ಅದರಾಗೆ ಅಂಥಾದ್ದೇನೈತೆ ಚಿಕ್ಕಮ್ಮಾ?” ಎಂದಿದ್ದೆ.

“ಒಬ್ಬೊಬ್ರು ಒಂದೊಂದು ದಾರಿ ಹಿಡಿದು ಅಡ್ಡಾಡ್ತಾರಪ್ಪಾ. ಇನ್ನೇನು ಕಳದೇ ಹೋದ್ರು ಅನ್ನಂಗೆ ಆಗ್ತೈತೆ. ಅಷ್ಟೊತ್ತಿಗೆ ಎಲ್ಲಾರೂ ಒಟ್ಟಿಗೆ ಮನೆಗೆ ಬಂದುಬಿಡ್ತಾರೆ.”

ನನಗೋ ಸ್ಯಾಕ್ಸೊಫೋನಿಗೂ ಬ್ಯಾಂಡ್‌ಸೆಟ್ಟಿನ ಕ್ಲ್ಯಾರಿನೆಟ್ಟಿಗೂ ವ್ಯತ್ಯಾಸ ತಿಳಿಯದು. ಅವರಿಗೆ ಕೊಡೆ ಹಿಡಿಯಲು ಹೋದವನು ನಾನು.

ಶನಿವಾರ ಇಳಿಬಿಸಿಲಿನಲ್ಲಿ ವಾದ್ಯದವರು ವೇದಿಕೆಯ ಹಿಂಬದಿ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು, ಶಿಕ್ಷೆಗೊಳಗಾದ ಮಕ್ಕಳಂತೆ ಕೂತಿದ್ದರು. ಮುಂದೆ ದೀಪ, ಹಾರ, ಶಾಲು, ಪೇಟ, ಭಾಷಣ. ಒಬ್ಬ ಮಹಾಶಯರು ಅಡಿಕೆಯ ಧಾರಣೆಯ ಬಗ್ಗೆಯೂ ಮಾತಾಡಿದರು. ಕೊನೆಗೂ ಸ್ಯಾಕ್ಸೊಫೋನ್ ಎದ್ದು ನಿಂತಿತು. ಚಿಕ್ಕಮ್ಮ ಕಣ್ಣು ಮುಚ್ಚಿದರು. ಆ ನಾದ ಹೊಳೆಯ ಕಡೆ ತಿರುಗಿ ಮೇಲೇರುತ್ತಿದ್ದಾಗಲೇ ನಿರೂಪಕ ಓಡಿಬಂದು ಊದುವವರ ಮೈಕು ಕಿತ್ತುಕೊಂಡ. “ಮಾನ್ಯ ಸಾಹೇಬರು ಆಗಮಿಸಿದ್ದಾರೆ! ಜೋರಾದ ಚಪ್ಪಾಳೆ!”

ನನಗೆ ಸಿಟ್ಟು ಬಂದರೂ ಎಂದಿನಂತೆ ಕೊಡೆ ಹಿಡಿದು ಕೂತೇ ಇದ್ದೆ. ನನ್ನ ಗರ್ಜನೆಯೆಲ್ಲ ಬಚ್ಚಲುಮನೆಯೊಳಗೆ. ಚಿಕ್ಕಮ್ಮ ಸೆರಗು ಬಿಗಿದು ನೇರವಾಗಿ ವೇದಿಕೆಯ ಹತ್ತಿರ ನಡೆದರು.

“ಉಣ್ಣೋರ ಮುಂದಿನ ಎಲೆ ಎಳದಂಗಾತಲ್ರೀ ಇದು!”

“ಅಜ್ಜೀ, ಕೂತ್ಕೊಳ್ರಿ, ಕಾರ್ಯಕ್ರಮ ನಡದೈತೆ,” ಎಂದ ನಿರೂಪಕ.

“ಕಾರ್ಯಕ್ರಮ ನೀನು ನಿಲ್ಲಿಸಿದ್ಯಲ್ಲೋ. ಅದನ್ನೇ ಕೇಳಾಕೆ ಬಂದೀನಿ.”

ಸಾಹೇಬರು ನಕ್ಕು, “ಎರಡೇ ಮಾತು ತಾಯೀ,” ಎಂದರು. ಹೊತ್ತು ಮುಳುಗುವವರೆಗೂ ಆ ಎರಡು ಮಾತು ಮುಗಿಯಲಿಲ್ಲ. ವಾದ್ಯಗಳು ಪೆಟ್ಟಿಗೆ ಸೇರಿದವು. ಮನೆಗೆ ಬಂದ ಚಿಕ್ಕಮ್ಮ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ, “ನಡಿ, ಈಗ ಹೋಗಾನ. ಭಾಷಣದೋರು ಇಷ್ಟೊತ್ತಿಗೆ ಏಳಲ್ಲ,” ಎಂದರು. ಅವರೆಣಿಕೆ ತಪ್ಪಲಿಲ್ಲ. ವಾದ್ಯದವರು ಹೊಂಗೆಮರದ ಕೆಳಗೆ ತಾಲೀಮು ನಡೆಸಿದ್ದರು. ಡ್ರಮ್ಮಿನವರಿಗೆ ಕನ್ನಡ ಬರುತ್ತಿತ್ತು. ಚಿಕ್ಕಮ್ಮ ಅವರಿಗೆ ಹೇಳಿದ್ದು ಇಷ್ಟೇ: “ನಿನ್ನೆದು ಅರ್ಧಕ್ಕೇ ನಿಂತೈತೆ. ಅದನ್ನ ಮುಗಿಸ್ರಪ್ಪಾ.”

ಅವರು ಅದನ್ನು ತಮ್ಮವರಿಗೆ ತಿಳಿಸಿದರು. ಸ್ಯಾಕ್ಸೊಫೋನಿನವರು ಚಿಕ್ಕಮ್ಮನನ್ನೇ ನೋಡುತ್ತ ನಿನ್ನೆ ಕಿತ್ತುಹೋದ ಜಾಗದಿಂದಲೇ ಎತ್ತಿಕೊಂಡರು. ಶಾಮಿಯಾನದ ಆಳುಗಳು ಹಗ್ಗ ಬಿಟ್ಟು ನಿಂತರು. ಬಟ್ಟೆ ಒಗೆಯಲು ಬಂದ ಹೆಂಗಸರು ಹೊಳೆಯ ಮೆಟ್ಟಿಲ ಮೇಲೆ ಕೂತರು. ಏನೂ ತಿಳಿಯದ ನನಗೂ ಮೈ ಜುಮ್ಮೆಂದಿತು. ಚಿಕ್ಕಮ್ಮ ಹೇಳಿದ್ದಂತೆ ವಾದ್ಯಗಳೆಲ್ಲ ಒಟ್ಟಿಗೆ ಮನೆಗೆ ಬಂದು ಸೇರಿದಾಗ ಅವರು ಅಳುತ್ತಿದ್ದರು. ಊರಿಗೇ ಸಿಗಬೇಕಾದದ್ದನ್ನು ಹೀಗೆ ಕದ್ದು ಕೇಳಬೇಕಾಯಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಸಂಜೆ ಮತ್ತೆ ಶಾಲುಗಳೇ.

ಕರಪತ್ರದ ಮೇಲಿದ್ದ ನಂಬರಿಗೆ ಈಗಷ್ಟೇ ಫೋನು ಹಚ್ಚಿದೆ. “ವಾದ್ಯ ನುಡಿಸೋರ ಹೆಸರೇನ್ರೀ?”

“ಗೊತ್ತಿಲ್ಲ ಸಾರ್. ಸಾಹೇಬ್ರ ಹೆಸರು ಹಾಕೀವಲ್ಲ?”

“ಅವರೇನು ಊದಾಕೆ ಬರ್ತಾರೇನ್ರೀ?” ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. ಒಳಗಿಂದ ಹೆಂಡತಿ ಗಾಬರಿಯಾಗಿ ಓಡಿಬಂದಳು.

“ನೀವ್ಯಾರು ಸಾರ್?”

“ಕೇಳಾಕೆ ಬರೋನು. ವಾದ್ಯದೋರ ಹೆಸರು ಮೇಲೆ ಹಾಕಿ ಇನ್ನೊಂದು ಅಚ್ಚು ಹಾಕಿಸ್ರಿ.”

ಅವನು ಫೋನು ಇಟ್ಟುಬಿಟ್ಟ. ನಾನು ಮತ್ತೆ ಹಚ್ಚಿದೆ.