ಒಂದೇ ಕಣ್ಣು ಮುಚ್ಚಿದ ಮೇಸ್ತ್ರಿ

ಗಾರೆ ಮೇಸ್ತ್ರಿಗೆ ನಲವತ್ತು ವರ್ಷದಿಂದ ಒಂದು ಚಾಳಿ. ಕಟ್ಟಿದ ಗೋಡೆಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ ನೇರ ನೋಡುವುದು, ಕೂದಲೆಳೆಯಷ್ಟು ಸೊಟ್ಟ ಕಂಡರೂ ಮುಲಾಜಿಲ್ಲದೆ ಕೆಡವಿಸುವುದು. ಬಿರುಕಿಗೆ ಸುಣ್ಣ ಬಳಿದು ಮುಚ್ಚಿಟ್ಟ ಮನೆಯವರು ಸಿಕ್ಕರಂತೂ ನೀರಿಳಿಸಿಬಿಡುತ್ತಿದ್ದ. ಅಂಥ ಮಹಾನುಭಾವ ಈಗ ಡಾಕ್ಟರಮ್ಮನ ಕೋಣೆಯ ಮಂಚದ ಮೇಲೆ ಮಲಗಿ ತಾನೂ ಬಿರುಕು ಮುಚ್ಚುವ ಅದೇ ಕೆಲಸಕ್ಕೆ ಕೈಹಾಕಿದ್ದ.

ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಪೂರ್ತಿ ವಾಸಿಯಾಗುವ ಮಾತಿಲ್ಲ ಎಂದು ಡಾಕ್ಟರಮ್ಮ ಹೋದ ತಿಂಗಳೇ ಬಿಡಿಸಿ ಹೇಳಿದ್ದರು. ನೋವಿಗೆ ಮಾತ್ರೆ ಇದೆ, ರೇಡಿಯೇಷನ್ ಇದೆ, ಕುಸಿದ ಮೂಳೆಗೆ ಸೂಜಿಯಲ್ಲಿ ಸಿಮೆಂಟು ತುಂಬುವುದೂ ಇದೆ. ಸಿಮೆಂಟು ಎಂದ ಕೂಡಲೇ ಮೇಸ್ತ್ರಿ, ಮರಳನ್ನು ಚೆನ್ನಾಗಿ ಜರಡಿ ಹಿಡಿಸಿ ಎಂದು ಅವರನ್ನೂ ನಗಿಸಿದ್ದ. ಆದರೆ ಕಾಲು ಜೋಮು ಹಿಡಿದರೆ ಒಂದು ಗಂಟೆಯೂ ತಡಮಾಡಬೇಡಿ, ನರ ಒತ್ತಿಹೋದರೆ ನಡಿಗೆಯೇ ಹೋಗುತ್ತದೆ ಎಂದು ಅವರು ಎಚ್ಚರಿಸಿಯೂ ಇದ್ದರು.

ಎಡಗಾಲು ಜೋಮು ಹಿಡಿದು ಮೂರು ದಿನವಾಗಿತ್ತು. ಮೇಸ್ತ್ರಿ ತುಟಿಪಿಟಕ್ಕೆಂದಿರಲಿಲ್ಲ. ಅವನ ಅಣ್ಣ ಆಸ್ಪತ್ರೆಗೆ ನಡೆದುಕೊಂಡೇ ಹೋಗಿ ಅಡ್ಮಿಟ್ ಆದವನು ವಾಪಸ್ ಬಂದಿರಲಿಲ್ಲ. ಅಡ್ಮಿಟ್ ಎಂಬ ಮಾತು ಕೇಳಿದರೇ ಇವನ ಜೀವ ಬಾಯಿಗೆ ಬರುತ್ತಿತ್ತು.

ಡಾಕ್ಟರಮ್ಮ ಪಾದಕ್ಕೆ ಅಂಗೈ ಒಡ್ಡಿ ಒದೆಯಿರಿ ಎಂದಾಗ ಉಸಿರು ಬಿಗಿಹಿಡಿದು ಒದ್ದ. ಆಮೇಲೆ ಅವರು ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಆಡಿಸುತ್ತ, ಯಾವ ಕಡೆ ಹೋಯಿತು ಎಂದು ಕೇಳಿದರು. ಅವರಿದ್ದ ಕಡೆಯ ಕಣ್ಣನ್ನು ಮಾತ್ರ ಮುಚ್ಚಿ, ಇನ್ನೊಂದರ ಸಂದಿಯಿಂದ ಬೆರಳನ್ನೇ ನೋಡುತ್ತ ಉತ್ತರ ಕೊಟ್ಟ. ಮೇಲೆ. ಕೆಳಗೆ. ಮತ್ತೆ ಕೆಳಗೆ. ಒಂದೂ ತಪ್ಪಲಿಲ್ಲ.

ಸೋಮವಾರ ಬನ್ನಿ ಎಂದು ಅವರು ಚೀಟಿ ಬರೆಯತೊಡಗಿದರು. ಸದ್ಯ ಬಚಾವಾದೆ ಎಂದುಕೊಂಡ ಮೇಸ್ತ್ರಿ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದ.

"ರೀ," ಎಂದಳು ಜೊತೆಗೆ ಬಂದು ಮಂಚದ ಪಕ್ಕ ನಿಂತಿದ್ದ ಹೆಂಡತಿ.

ಅವನ ಎಡಗಾಲಿನ ಚಪ್ಪಲಿ ಅವಳ ಕೈಯಲ್ಲಿತ್ತು. ಅದು ಮಂಚದ ಬಳಿಯೇ ಕಳಚಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ಬೈಯಲಿಲ್ಲ. ಬಗ್ಗಿ ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟಳು. ಮೇಸ್ತ್ರಿಗೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು.

"ಮೂರು ದಿನ ಆಯ್ತು ಡಾಕ್ಟ್ರೇ. ಆಗ ನಾನು ಪೂರ್ತಿ ಕಣ್ಣು ಮುಚ್ಚಿರ್ಲಿಲ್ಲ."

ಡಾಕ್ಟರಮ್ಮ ಚೀಟಿ ಹರಿದು ಫೋನೆತ್ತಿದರು. ಈಗಲೇ ಇಂಜೆಕ್ಷನ್, ಸ್ಕ್ಯಾನ್, ಸಂಜೆಯೊಳಗೆ ಮೊದಲ ರೇಡಿಯೇಷನ್. ಮುಂದೆ ನಡೆಯುತ್ತೇನಾ ಎಂದು ಅವನು ಕೇಳಿದ್ದಕ್ಕೆ ಅವರು ಮಾತು ಕೊಡಲಿಲ್ಲ. ಮತ್ತೆ ಮಲಗಿಸಿ ಹೆಬ್ಬೆರಳು ಹಿಡಿದರು.

"ಈಗ ಹೇಳಿ, ಯಾವ ಕಡೆ?"

ಮೇಸ್ತ್ರಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ಬಹಳ ಹೊತ್ತು ಕಾದ.

"ಹಿಡ್ಕೊಂಡಿದೀರೇನಮ್ಮಾ?" ಎಂದ.