ದಿನವೂ ಬಿದ್ದ ತಾಟು

ಆಸ್ಪತ್ರೆಯ ನೌಕರಿಯಿಂದ ನಿವೃತ್ತಳಾದ ಮೇಲೂ ನಾನು ಐದಕ್ಕೆ ಏಳುತ್ತೇನೆ, ಏಳಕ್ಕೆ ಸ್ನಾನ ಮುಗಿಸಿರುತ್ತೇನೆ. ನರ್ಸಿಂಗ್ ಕಲಿಸಿದ ನಮ್ಮ ವಾರ್ಡನ್ ಹಾಸಿಗೆಯ ಚಾದರದ ಮಡಿಕೆಯನ್ನೂ ಬೆರಳಿನಿಂದ ಅಳೆದು ನೋಡುತ್ತಿದ್ದರು. ಆ ಬೆರಳು ಇನ್ನೂ ನನ್ನ ಬೆನ್ನ ಹಿಂದೆ ಇದೆ.

ನಮ್ಮೂರು ಕೂಡ್ಲಿಗಿಗೆ ತಿಂಗಳಿಗೊಮ್ಮೆ ಮನೋರೋಗದ ಡಾಕ್ಟರು ಬರುತ್ತಿದ್ದರು. ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಯಿಂದೆಲ್ಲ ರೋಗಿಗಳು ಬರುವರು. ಎರಡು ತಿಂಗಳು ಬಂದವರು ಮೂರನೆಯದಕ್ಕೆ ಕಾಣೆಯಾಗುವರು. ಸ್ವಲ್ಪ ಆರಾಮಾದ ಕೂಡಲೇ ಗುಳಿಗೆ ಬಿಡುವರು. ಡಾಕ್ಟರು ನನಗೆ ಹೇಳಿದರು: "ದಿನಾ ಫೋನಿನಾಗ ಒಂದು ಮಾತು ಹೇಳ್ರಿ ಸಿಸ್ಟರ್. ನಿಮ್ಮ ದನಿಗೆ ಅಂಜಿಯಾದ್ರೂ ತಗೊಳ್ತಾರ."

ಹದಿನೇಳು ಜನರ ನಂಬರು ಬರೆದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಎಲ್ಲರ ಮೊಬೈಲಿಗೂ ಬೇರೆ ಬೇರೆಯಾಗಿ ನನ್ನ ವಾಯ್ಸ್ ಮೆಸೇಜು ಹೋಗುತ್ತಿತ್ತು. "ನಮಸ್ಕಾರ್ರಿ. ಎಂಟು ಗಂಟಿ ಆತು. ನಾಷ್ಟಾ ಮಾಡಿ ಗುಳಿಗಿ ತಗೋರಿ. ಮರೀಬ್ಯಾಡ್ರಿ." ತಗೊಂಡವರು ಮಾತಿನಲ್ಲೇ ಉತ್ತರ ಕಳಿಸಬೇಕು. ನಾನು ಪುಸ್ತಕದಲ್ಲಿ ಗುರುತು ಹಾಕಬೇಕು.

ಪುಸ್ತಕದಲ್ಲಿ ಹೊಳಲು ಎಂಬ ಹಳ್ಳಿಯ ಒಬ್ಬ ಸೊಸೆಯ ಸಾಲು ಎಲ್ಲರಿಗಿಂತ ಚೊಕ್ಕಟವಾಗಿತ್ತು. ಮೊದಲು ಆಕೆಗೆ ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತಿತ್ತು. ಒಮ್ಮೆ ಆ ಮಾತು ಕೇಳಿ ಬಾವಿಯ ಕಟ್ಟೆಯವರೆಗೂ ಹೋಗಿದ್ದಳು. ಗುಳಿಗೆ ತಪ್ಪಿದರೆ ಮತ್ತೆ ಅಲ್ಲಿಗೇ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಎಂಟೂ ಹತ್ತಕ್ಕೆ ಆಕೆಯ ಉತ್ತರ ಬಂದೇ ಬರುತ್ತಿತ್ತು: "ತಗೊಂಡೇನ್ರಿ ಅಮ್ಮಾರ." ಹಿಂದೆ ಕರು ಕೂಗುವುದು, ಅತ್ತೆಯ ದನಿ: "ಹಾಲು ಉಕ್ಕಿತು ನೋಡಲೇ."

ಒಂದು ದಿನ ನೆಟ್‌ವರ್ಕ್ ಇರಲಿಲ್ಲ. ಮರುದಿನ ಎರಡೂ ದಿನದ ಉತ್ತರಗಳು ಒಟ್ಟಿಗೆ ಬಂದವು. ಒಂದು ಮುಗಿದ ಕೂಡಲೇ ಇನ್ನೊಂದು ಕೇಳಿದೆ. ಕರು ಕೂಗಿತು. ಹಾಲು ಉಕ್ಕಿತು. ಮೊದಲನೆಯದರಲ್ಲಿ ಕೂಗಿದ ಜಾಗದಲ್ಲೇ ಕೂಗಿತು, ಉಕ್ಕಿದ ಜಾಗದಲ್ಲೇ ಉಕ್ಕಿತು. ಹಿಂದಿನ ದಿನದ್ದು ಕೇಳಿದೆ, ಅದರ ಹಿಂದಿನದ್ದು ಕೇಳಿದೆ. ಹನ್ನೊಂದು ದಿನ ಅದೇ ಕರು, ಅದೇ ಹಾಲು. ಪುಸ್ತಕ ಮುಚ್ಚಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟೆ.

ಹಗರಿಬೊಮ್ಮನಹಳ್ಳಿಯಲ್ಲೊಮ್ಮೆ, ಹಡಗಲಿಯಲ್ಲೊಮ್ಮೆ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಹೊಳಲು ಮುಟ್ಟಿದೆ. ಆಕೆ ಪಡಸಾಲೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಮುಖ ನೋಡಲಿಲ್ಲ. ಮೊದಲು ನನ್ನ ಪಾದ ನೋಡಿದಳು. ಬಹಳ ಹೊತ್ತು ನೋಡಿ ಅತ್ತೆಗೆ ಹೇಳಿದಳು: "ಕಾಲು ಸರಿ ಅದಾವ."

"ಏನು ಮಾತು ಇದು," ಎಂದು ಅತ್ತೆ ಗದರಿದಳು. "ಬರ್ರಿ ಅಮ್ಮಾರ, ಕುಂದರ್ರಿ. ಈಗ ಆರಾಮ ಅದಾಳ. ದಿನಾ ನಿಮ್ಮ ಮಾತು ಕೇಳ್ತಾಳ."

ಗುಳಿಗೆಯ ಸ್ಟ್ರಿಪ್ಪು ತರಿಸಿ ನೋಡಿದೆ. ತೀರಿರಬೇಕಿದ್ದ ಹನ್ನೊಂದು ಗುಳಿಗೆ ಹಾಗೇ ಇದ್ದವು.

"ತಗೊಂಡಿಲ್ಲ?"

ಆಕೆ ದಾರ ಎಳೆದು ಗಂಟು ಹಾಕಿದಳು. "ಅಮ್ಮಾರ, ನಿಮ್ಮನಿಯಾಗ ದಿನಾ ತಾಟು ಯಾಕ ಬೀಳ್ತೈತಿ?"

"ಯಾವ ತಾಟು?"

"ಮರೀಬ್ಯಾಡ್ರಿ ಅಂತೀರಿ. ತಾಟು ಬೀಳ್ತೈತಿ. ಗಿರಗಿರ ತಿರುಗಿ ನಿಂದರ್ತೈತಿ. ಆಮ್ಯಾಲ ನೀವು ಸಣ್ಣಗ ಕೆಮ್ತೀರಿ. ಒಂದು ದಿನಾನೂ ತಪ್ಪಿಲ್ಲ. ಬದುಕಿದ್ದೋರ ಮನಿಯಾಗ ಹಂಗ ಆಗಂಗಿಲ್ರಿ. ಸತ್ತೋರು ಹೇಳಿದ ಗುಳಿಗಿ ನಾ ಹೆಂಗ ತಗೊಳ್ಳಲಿ?"

"ಮತ್ತ ತಗೊಂಡೇನಂತ ಯಾಕ ಕಳಿಸಿದಿ?"

"ನೀವು ಆ ದಿನ ಬಿಟ್ಟು ಮುಂದ ಬರವಲ್ರಿ. ನಾನೂ ನಂದೊಂದು ದಿನ ಹಿಡಕೊಂಡು ಅದನ್ನ ಕಳಿಸಿದೆ."

ಅತ್ತೆ ನಕ್ಕಳು. "ಹಾಲು ಉಕ್ಕಿದ್ದು ಒಂದ ಸಲ ನೋಡ್ರಿ. ದಿನಾ ಉಕ್ಕಿಸ್ಯಾಳ ಇಕಿ."

ನಾನು ನಗಲಿಲ್ಲ. ಆಕೆ ಕೇಳಿದ್ದು ಭ್ರಮೆಯಾಗಿರಲಿಲ್ಲ. ಮೊದಲ ವಾರವೇ ನಾನು ಒಂದು ಮೆಸೇಜು ಚೆನ್ನಾಗಿ ರೆಕಾರ್ಡು ಮಾಡಿ, ಅದನ್ನೇ ದಿನಾ ಎಂಟಕ್ಕೆ ಹದಿನೇಳು ಜನಕ್ಕೂ ಮುಂದೆ ಕಳಿಸುತ್ತಿದ್ದೆ. ಮಾತು ಅಳೆದಂತಿದೆ, ಹೊತ್ತು ತಪ್ಪುವುದಿಲ್ಲ ಎಂದು ಹೆಮ್ಮೆಪಟ್ಟಿದ್ದೆ. ರೆಕಾರ್ಡು ಮಾಡುವಾಗ ಅಡುಗೆಮನೆಯಲ್ಲಿ, ನನ್ನ ಜೊತೆಗಿರುವ ತಂಗಿಯ ಕೈಯಿಂದ ತಾಟು ಜಾರಿತ್ತು. ನನಗದು ಮರೆತೇ ಹೋಗಿತ್ತು. ಒಂದೇ ಸೂಜಿಯನ್ನು ಎಲ್ಲರಿಗೂ ಚುಚ್ಚಿದ ನರ್ಸನ್ನು ನಾನು ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದೆ. ಹನ್ನೊಂದು ದಿನ ಎರಡು ರೆಕಾರ್ಡುಗಳು ಒಂದಕ್ಕೊಂದು ಮಾತಾಡಿದ್ದವು. ಆ ಕಡೆ ಆಕೆ ಇರಲಿಲ್ಲ, ಈ ಕಡೆ ನಾನಿರಲಿಲ್ಲ.

ಇದ್ದದ್ದನ್ನು ಇದ್ದಂತೆ ಆಕೆಗೆ ಹೇಳಿದೆ. ಆಕೆಯ ಎದುರೇ ಕೂತು ಹೊಸದಾಗಿ ಮಾತಾಡಿ ಆಕೆಯ ಮೊಬೈಲಿಗೆ ಕಳಿಸಿದೆ. ಆಕೆ ಕಿವಿಗೆ ಹಿಡಿದು ಎರಡು ಸಲ ಕೇಳಿದಳು.

"ತಾಟು ಬೀಳಲಿಲ್ಲ," ಎಂದಳು.

ಡಾಕ್ಟರಿಗೆ ಫೋನು ಮಾಡಿದೆ. ಅಂದು ಯಾವ ಗುಳಿಗೆ ಕೊಡಬೇಕೆಂದು ತಿಳಿಸಿ, ಆಕೆಯನ್ನು ಬೇಗ ಕರೆತರಲು ಹೇಳಿದರು. ನಾನು ನೋಡುತ್ತಿದ್ದಂತೆ ಆಕೆ ನೀರು ಕುಡಿದು ಗುಳಿಗೆ ನುಂಗಿದಳು.

ಈಗ ಎಂಟಕ್ಕೆ ಕೂತರೆ ಏಳುವುದು ಎಂಟೂ ಮುಕ್ಕಾಲಿಗೆ. ಹದಿನೇಳು ಜನಕ್ಕೂ ಬೇರೆ ಬೇರೆ ಮಾತು. ಇವತ್ತು ಮೋಡ ಐತಿ ಎನ್ನುತ್ತೇನೆ, ಬಾಗಿಲ ಮುಂದೆ ನಾಯಿ ಮಲಗೈತಿ ಎನ್ನುತ್ತೇನೆ. ಹೊಳಲಿನಿಂದ ಬರುವ ಉತ್ತರದಲ್ಲೂ ಒಂದು ದಿನ ಕರು ಕೂಗುತ್ತದೆ, ಒಂದು ದಿನ ಇಲ್ಲ.

ಕಳೆದ ಸೋಮವಾರ ಆಕೆ ಕಳಿಸಿದ್ದಳು: "ಗುಳಿಗಿ ತಗೊಂಡೇನ್ರಿ ಅಮ್ಮಾರ. ಇವತ್ತು ತಾಟು ಬಿತ್ತಲ್ರಿ?"

ನನ್ನ ಮೆಸೇಜು ನಾನೇ ಮೂರು ಸಲ ಕೇಳಿದೆ. ನನ್ನ ದನಿ, ದೂರದಲ್ಲಿ ಬಸ್ಸಿನ ಹಾರ್ನು, ಅಷ್ಟೇ. "ಇಲ್ಲಿ ಬಿದ್ದಿಲ್ಲವ್ವಾ. ನಿನಗ ಕೇಳಿದ್ದನ್ನ ಡಾಕ್ಟರಿಗೆ ಹೇಳೋಣು, ಗುಳಿಗಿ ಮಾತ್ರ ಬಿಡಬ್ಯಾಡ," ಎಂದು ಕಳಿಸಿದೆ. ಬಿಡಂಗಿಲ್ರಿ ಎಂದಳು.

ತಂಗಿ ಊರಿಗೆ ಹೋಗಿದ್ದಳು. ಅಡುಗೆಮನೆಗೆ ಹೋಗಿ ನೋಡಿದೆ. ತಾಟುಗಳೆಲ್ಲ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿದ್ದವು. ಒಂದೊಂದನ್ನೇ ತೆಗೆದು, ಸದ್ದಾಗದಂತೆ, ನೆಲದ ಮೇಲೆ ಬೋರಲು ಹಾಕಿ ಇಟ್ಟೆ. ಈಗಲೂ ಅಲ್ಲೇ ಇವೆ.