ಅಜ್ಜಿಯ ನಾಲಿಗೆ, ಮೀನಿನ ಮೊಟ್ಟೆ

ಚನ್ನರಾಯನದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಬಸುರಿಯರ ವಾಂತಿಗೆ ಬೆಟ್ಟದ ಸೊಪ್ಪೊಂದರ ಕಷಾಯ ಕೊಡುತ್ತಿದ್ದರು. ಕೊಡುವ ಮುಂಚೆ ತಾವೇ ಒಂದು ಗುಟುಕು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, "ನಂಗೇನೂ ಆಗ್ನಿಲ್ಲ, ನಿಂಗೇನಾಯ್ತದೆ? ಕುಡಿ ಕಣಮ್ಮ" ಎನ್ನುತ್ತಿದ್ದರು.

ತುಮಕೂರಿನ ಲ್ಯಾಬೊಂದರಲ್ಲಿ ಗಿಡಮೂಲಿಕೆಗಳನ್ನು ಮೀನಿನ ಭ್ರೂಣಗಳ ಮೇಲೆ ಪರೀಕ್ಷಿಸುವ ಕೆಲಸಕ್ಕೆ ನಾನು ಸೇರಿದಾಗ, ಅವರೇ ಕಷಾಯದ ಬಾಟಲಿ ಹಿಡಿದು ಬಸ್ಸು ಹತ್ತಿ ಬಂದರು. "ನಂದೂ ಒಂದ್ಕಿತ ನೋಡ್ಬುಡು."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಗಾಜಿನಂಥ ಮೊಟ್ಟೆಯೊಳಗಿನ ಪುಟ್ಟ ಹೃದಯ ಕಂಡು, "ಅಯ್ಯೋ, ಬಡ್ಕಂತೈತೆ ಕಣಮ್ಮ!" ಎಂದು ಹಿಗ್ಗಿದರು. ನಾನು ಕಷಾಯ ಹಾಕಿದೆ. ಗಂಟೆ ಕಳೆಯುವಷ್ಟರಲ್ಲಿ ಬಡಿತ ನಿಂತಿತು. ನಂಬಲಾಗದೆ ಇನ್ನೊಂದು ತಟ್ಟೆಯ ಮೊಟ್ಟೆಗಳಿಗೂ ಹಾಕಿದೆ. ಅಲ್ಲೂ ನಿಂತಿತು. ಬರೀ ನೀರಿನಲ್ಲಿದ್ದವು ಮಾತ್ರ ಬಡಿಯುತ್ತಲೇ ಇದ್ದವು.

"ಮೀನಿಗಾದದ್ದು ಮನುಷ್ಯರಿಗೂ ಆಗ್ಬೇಕು ಅಂತೇನಿಲ್ಲ ಅಜ್ಜಿ" ಎಂದೆ.

ಅವರು ಬಾಟಲಿಯನ್ನೇ ನೋಡುತ್ತಿದ್ದರು. "ನಾನು ಕುಡಿವಾಗ ನನ್ನೊಟ್ಟೇಲಿ ಕೂಸಿರ್ನಿಲ್ವಲ್ಲ ಕಣಮ್ಮ."

ಆಮೇಲೆ ಒಂದೊಂದೇ ಬೆರಳು ಮಡಚುತ್ತ, ಕಷಾಯ ಕುಡಿದ ಮೇಲೆ ಬಸಿರು ನಿಲ್ಲದೆ ಹೋದವರ ಹೆಸರು ಹೇಳತೊಡಗಿದರು.

ಮೂರನೆಯದು ನನ್ನ ಅಮ್ಮನ ಹೆಸರು.